ಗುಜರಿ ಉಕ್ಕಿನಿಂದ ಚಾಕು ತಯಾರಿಕೆ: ಅಸಲು, ಹದ ಮತ್ತು ಮಾರಾಟ

ಲಾರಿಯ ಹಳೆಯ ಕಮಾನು ಪಟ್ಟಿಯನ್ನು ಕುಲುಮೆಯಲ್ಲಿ ಕಾಸಿ, ಬಡಿದು, ಕತ್ತಿ ಮಚ್ಚುಗಳನ್ನು ಮಾಡುವ ಕಸುಬು ನಮ್ಮ ನಾಡಿನ ಕಮ್ಮಾರರಿಗೆ ಹೊಸದಲ್ಲ. ಮಲೆನಾಡಿನ ಅಡಕೆ ತೋಟದ ಕತ್ತಿ, ಎಳನೀರು ಕೆತ್ತುವ ಮಚ್ಚು, ಕಬ್ಬು ಕಡಿಯುವ ಕೊಯ್ತಾ, ಅಡುಗೆಮನೆಯ ಈಳಿಗೆ ಇವುಗಳಲ್ಲಿ ಹಲವು ಒಂದು ಕಾಲಕ್ಕೆ ಯಾವುದೋ ವಾಹನದ ಭಾರವನ್ನು ಹೊತ್ತ ಉಕ್ಕೇ ಆಗಿರುತ್ತವೆ. ಹೊಸತೆಂದರೆ ಪಟ್ಟಣದ ಗಿರಾಕಿ. ಯಂತ್ರದಲ್ಲಿ ಅಚ್ಚೊತ್ತಿದ ಅಗ್ಗದ ಸ್ಟೇನ್‌ಲೆಸ್ ಚಾಕು ಅಂಗಡಿಯಲ್ಲಿ ತೂಗಾಡುತ್ತಿದ್ದರೂ, ಸುತ್ತಿಗೆಯ ಗುರುತು ಉಳಿದಿರುವ ಕೈಬಡಿತದ ಚಾಕುವನ್ನು ಹುಡುಕಿಕೊಂಡು ಬರುವ ಹೋಟೆಲಿನವರೂ ಗೃಹಸ್ಥರೂ ಇದ್ದಾರೆ. ಇದನ್ನು ಕಂಡು ಸಣ್ಣ ಘಟಕ ತೆರೆಯಬಹುದೇ ಎಂದು ವಿಚಾರಿಸುವ ಯುವಕರೂ, ಕಮ್ಮಾರರಿಂದ ಸರಕು ಕೊಂಡು ಮಾರಬಹುದೇ ಎಂದು ಯೋಚಿಸುವ ವರ್ತಕರೂ ಇದ್ದಾರೆ. ಅಂಥವರ ಉಪಯೋಗಕ್ಕಾಗಿ ಈ ಕಸುಬಿನ ಲೆಕ್ಕಾಚಾರವನ್ನೂ ತಾಂತ್ರಿಕ ಅಂಶಗಳನ್ನೂ ಕಾನೂನಿನ ಮಿತಿಗಳನ್ನೂ ಇಲ್ಲಿ ವಿವರಿಸಲು ಯತ್ನಿಸಲಾಗಿದೆ.

ಮೊದಲೇ ಒಂದು ಭ್ರಮೆಯನ್ನು ನಿವಾರಿಸಿಕೊಳ್ಳುವುದು ಒಳಿತು. "ಗುಜರಿ ಅಗ್ಗ, ಆದ್ದರಿಂದ ಲಾಭ ಹೆಚ್ಚು" ಎಂಬ ನಂಬಿಕೆಯಿಂದ ಈ ಕಸುಬಿಗೆ ಇಳಿಯುವವರೇ ಬಹಳ. ಲೆಕ್ಕ ಹಾಕಿ ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ.

ಲೋಹದ ಪಾಲು ಎಷ್ಟು?

70 ಮಿಲಿಮೀಟರ್ ಅಗಲ, 10 ಮಿಲಿಮೀಟರ್ ದಪ್ಪದ ಒಂದು ಕಮಾನು ಪಟ್ಟಿಯನ್ನು ತೆಗೆದುಕೊಳ್ಳೋಣ. ಒಂದು ಮೀಟರ್ ಉದ್ದಕ್ಕೆ ಅದರ ತೂಕ ಸುಮಾರು ಐದೂವರೆ ಕಿಲೋ. ಆರು ಅಂಗುಲದ ಅಲಗುಳ್ಳ ಅಡುಗೆಮನೆಯ ಚಾಕುವಿಗೆ, ಬೆಂಕಿಯಲ್ಲಿ ಉದುರುವ ಸಿಪ್ಪೆ, ಸಾಣೆಯಲ್ಲಿ ಹೋಗುವ ಪುಡಿ, ಕತ್ತರಿಸಿ ಎಸೆಯುವ ತುದಿ ಎಲ್ಲವನ್ನೂ ಸೇರಿಸಿದರೆ 350 ಗ್ರಾಂ ಉಕ್ಕು ಸಾಕು. ಪಟ್ಟಿಯ ನಡುವಿನ ಬೋಲ್ಟಿನ ತೂತಿನ ಭಾಗವನ್ನೂ ಕೊನೆಗಳನ್ನೂ ಬಿಟ್ಟರೂ ಒಂದು ಮೀಟರಿನಲ್ಲಿ ಹನ್ನೆರಡು ಚಾಕುಗಳಾಗುತ್ತವೆ.

ಈಗ ದರಗಳನ್ನು ಊಹಿಸಿಕೊಂಡು ಲೆಕ್ಕ ಮಾಡೋಣ. ಕೆಳಗಿನ ಅಂಕಿಗಳು ಉದಾಹರಣೆಗಾಗಿ ಮಾತ್ರ. ವಾಚಕರು ತಮ್ಮ ಊರಿನ ದರಗಳನ್ನು ಆ ಜಾಗದಲ್ಲಿ ಹಾಕಿಕೊಳ್ಳಬೇಕು. ಗುಜರಿ ಪಟ್ಟಿ ಕಿಲೋಗೆ ರೂ. 50 ಎಂದಾದರೆ ಒಂದು ಚಾಕುವಿನ ಲೋಹಕ್ಕೆ ಸುಮಾರು ರೂ. 18 ತಗಲುತ್ತದೆ. ಇದ್ದಿಲು ರೂ. 60, ಕಮ್ಮಾರನ ಎರಡು ಗಂಟೆಯ ಕೂಲಿ ರೂ. 240, ಸಮ್ಮಟಿಗೆ ಹಿಡಿಯುವ ಸಹಾಯಕನ ಒಂದು ಗಂಟೆಯ ಕೂಲಿ ರೂ. 80, ಸಾಣೆ ಪಟ್ಟಿ, ಎಣ್ಣೆ ಮತ್ತು ವಿದ್ಯುತ್ತಿಗೆ ರೂ. 50, ಹಿಡಿಯ ಮರ ಹಾಗೂ ರಿವೆಟ್ಟಿಗೆ ರೂ. 40. ಒಟ್ಟು ರೂ. 488. ಇದರಲ್ಲಿ ಲೋಹದ ಪಾಲು ನೂರಕ್ಕೆ ನಾಲ್ಕನ್ನೂ ಮುಟ್ಟುವುದಿಲ್ಲ.

ಅದೇ ಚಾಕುವನ್ನು ಉಕ್ಕಿನ ವ್ಯಾಪಾರಿಯಿಂದ ಕಿಲೋಗೆ ರೂ. 90ರಂತೆ ಕೊಂಡ ಹೊಸ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದರೆ ಲೋಹದ ವೆಚ್ಚ ರೂ. 32 ಆಗಿ ಒಟ್ಟು ರೂ. 502 ಆಗುತ್ತದೆ. ವ್ಯತ್ಯಾಸ ಕೇವಲ ರೂ. 14. ಆದರೆ ಬಡಿದ ಚಾಕುಗಳೆಲ್ಲ ಮಾರಾಟಕ್ಕೆ ಬರುವುದಿಲ್ಲ. ಕೆಲವು ಎಣ್ಣೆಗೆ ಇಳಿಸಿದಾಗ ಸೀಳುತ್ತವೆ, ಕೆಲವು ಗಡಸಾಗುವುದೇ ಇಲ್ಲ. ಗುಣ ತಿಳಿಯದ ಗುಜರಿಯಲ್ಲಿ ಹತ್ತಕ್ಕೆ ಒಂದು ಕೆಟ್ಟಿತೆಂದರೆ ಮಾರಾಟಯೋಗ್ಯವಾದ ಒಂದು ಚಾಕುವಿನ ಅಸಲು ರೂ. 542 ಆಗುತ್ತದೆ. ದರ್ಜೆ ತಿಳಿದ ಹೊಸ ಉಕ್ಕಿನಲ್ಲಿ ಇಪ್ಪತ್ತಕ್ಕೆ ಒಂದು ಕೆಟ್ಟರೆ ಅಸಲು ರೂ. 528. ಅಗ್ಗದ ಲೋಹವೇ ದುಬಾರಿಯಾಯಿತು! ಲೋಹದಲ್ಲಿ ಉಳಿಸಿದ್ದನ್ನು ಕೂಲಿಯಲ್ಲಿ ಕಳೆದುಕೊಂಡದ್ದೇ ಇದಕ್ಕೆ ಕಾರಣ, ಏಕೆಂದರೆ ಸೀಳಿದ ಚಾಕುವಿನೊಡನೆ ಹೋಗುವುದು ಹದಿನೆಂಟು ರೂಪಾಯಿಯಲ್ಲ, ಅದರ ಮೇಲೆ ಸುರಿದ ಕೂಲಿ ಮತ್ತು ಇದ್ದಿಲು.

ಹಾಗಾದರೆ ಗುಜರಿಯನ್ನು ಕೈಬಿಡಬೇಕೆ? ಬಿಡಬೇಕಾಗಿಲ್ಲ. ಹೊಸ ಉಕ್ಕನ್ನು ಪೂರ್ಣ ಉದ್ದದ ಪಟ್ಟಿಗಳಲ್ಲಿ ಒಟ್ಟಿಗೆ ಕೊಳ್ಳಬೇಕಾಗುತ್ತದೆ, ಸಾಗಾಣಿಕೆಯ ಖರ್ಚೂ ಇದೆ. ಹಳ್ಳಿಯ ಕಮ್ಮಾರನ ಬಳಿ ಅಷ್ಟು ಬಂಡವಾಳ ಇರುವುದು ಅಪರೂಪ. ಗುಜರಿ ಅಂಗಡಿಯಲ್ಲಿ ಅವನು ಐದು ಕಿಲೋ ಕೊಂಡು ವಾರದ ಕೆಲಸ ಮಾಡಬಲ್ಲ. ಹಳೆಯ ಉಕ್ಕಿಗೆ ಒಂದು ಕಥೆಯಿದೆ, ಅದಕ್ಕೆ ಬೆಲೆ ಕೊಡುವ ಗಿರಾಕಿಯೂ ಇದ್ದಾನೆ ಎಂಬುದೂ ನಿಜ. ಆದುದರಿಂದ ಗುಜರಿಯಲ್ಲಿ ಕೆಡುವ ಪ್ರಮಾಣವನ್ನು ಇಳಿಸುವ ಬಗೆಯನ್ನೇ ಮುಖ್ಯವಾಗಿ ಯೋಚಿಸಬೇಕಾಗಿದೆ.

ಉಕ್ಕಿನ ಕುಲಗೋತ್ರ

ಪ್ರಾಚೀನ ಕಾಲದಿಂದ ದಕ್ಷಿಣ ಭಾರತದ ಮೂಸೆಯ ಉಕ್ಕು ಹೊರದೇಶಗಳಿಗೆ ಹೋಗುತ್ತಿತ್ತು. ಅದನ್ನು ಯುರೋಪಿನವರು ಕರೆದ "ವೂಟ್ಜ್" ಎಂಬ ಹೆಸರು ನಮ್ಮ "ಉಕ್ಕು" ಎಂಬ ಪದದಿಂದಲೇ ಬಂದುದೆಂದು ಹಲವು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಕಬ್ಬಿಣ ಮತ್ತು ಉಕ್ಕಿನ ತಯಾರಿಕೆಯನ್ನು ತನ್ನ ಪ್ರವಾಸ ಕಥನದಲ್ಲಿ ದಾಖಲಿಸಿದ್ದಾನೆ. ಅಂದಿನ ಕಮ್ಮಾರನಿಗೆ ತನ್ನ ಕೈಗೆ ಬಂದ ಉಕ್ಕು ಯಾವ ಊರಿನ ಮೂಸೆಯಿಂದ ಬಂದಿದೆ ಎಂಬುದು ತಿಳಿದಿರುತ್ತಿತ್ತು. ಗುಜರಿ ರಾಶಿಯ ಮುಂದೆ ನಿಂತ ಇಂದಿನ ಕಮ್ಮಾರನಿಗೆ ಆ ಅನುಕೂಲವಿಲ್ಲ. ವಸ್ತುವಿನ ಹಿಂದಿನ ಬಳಕೆಯನ್ನು ನೋಡಿ ಅವನು ಅದರ ಗುಣವನ್ನು ಊಹಿಸಬೇಕು.

ಉಕ್ಕು ಗಡಸಾಗುವುದಕ್ಕೆ ಕಾರಣ ಅದರಲ್ಲಿರುವ ಇಂಗಾಲ. ಚಾಕುವಿನ ಅಲಗಿಗೆ ನೂರರಲ್ಲಿ ಅರ್ಧ ಭಾಗಕ್ಕಿಂತ ಹೆಚ್ಚು ಇಂಗಾಲ ಬೇಕು. ಕಟ್ಟಡದ ಸರಳಿನಲ್ಲಿ ಸುಮಾರು ಕಾಲು ಭಾಗ ಮಾತ್ರ ಇರುವುದರಿಂದ ಅದನ್ನು ಎಷ್ಟು ಚೆನ್ನಾಗಿ ಬಡಿದರೂ ಬಾಯಿ ನಿಲ್ಲುವುದಿಲ್ಲ. ಕೋನ ಪಟ್ಟಿ, ಗೇಟಿನ ಕಬ್ಬಿಣ, ಸಾಧಾರಣ ಬೋಲ್ಟುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ವಾಹನಗಳ ಕಮಾನು ಪಟ್ಟಿ ಈ ಕೆಲಸಕ್ಕೆ ಅತ್ಯಂತ ಯೋಗ್ಯವಾದ ಗುಜರಿ. ಆದರೆ ಎಲ್ಲ ಪಟ್ಟಿಗಳೂ ಒಂದೇ ಜಾತಿಯವಲ್ಲ. ಹಳೆಯ ವಾಹನಗಳಲ್ಲಿ ಸಿಲಿಕಾನ್ ಮತ್ತು ಮ್ಯಾಂಗನೀಸ್ ಬೆರೆತ ಇ.ಎನ್. 45 ಜಾತಿಯ ಉಕ್ಕು ಸಿಗುವುದುಂಟು. ಬೇರೆ ಕೆಲವು ಪಟ್ಟಿಗಳು ಕ್ರೋಮಿಯಂ ಅಥವಾ ಕ್ರೋಮಿಯಂ-ವೆನೇಡಿಯಂ ಬೆರೆತವು. ಸಿಲಿಕಾನ್ ಹೆಚ್ಚಿರುವ ಉಕ್ಕು ಬೆಂಕಿಯಲ್ಲಿ ಬಹಳ ಹೊತ್ತು ಇದ್ದರೆ ಅದರ ಮೇಲ್ಪದರದ ಇಂಗಾಲ ಸುಟ್ಟುಹೋಗಿ, ಹೊರಗೆ ಮೆದುವಾದ ತೊಗಲು ಉಳಿಯುತ್ತದೆ. ಹೊಸ ಚಾಕು ಮೊದಲ ವಾರ ಕೊಯ್ಯದೆ, ಎರಡು ಮೂರು ಸಲ ಸಾಣೆ ಹಿಡಿದ ಮೇಲೆ ಚೆನ್ನಾಗಿ ಕೊಯ್ಯತೊಡಗುವ ವಿಚಿತ್ರಕ್ಕೆ ಅನೇಕ ವೇಳೆ ಇದೇ ಕಾರಣ. ಬಡಿದಾದ ಮೇಲೆ ಎರಡೂ ಮೈಯನ್ನು ಅರ್ಧ ಮಿಲಿಮೀಟರಿನಷ್ಟು ಉಜ್ಜಿ ತೆಗೆದರೆ ಈ ದೋಷ ನೀಗುತ್ತದೆ.

ಬೇರಿಂಗಿನ ಉಕ್ಕಿನಲ್ಲಿ ನೂರಕ್ಕೆ ಸುಮಾರು ಒಂದು ಭಾಗ ಇಂಗಾಲವೂ ಒಂದೂವರೆ ಭಾಗ ಕ್ರೋಮಿಯಮ್ಮೂ ಇರುತ್ತವೆ. ಅದರಿಂದ ಆದ ಅಲಗು ಬಹುಕಾಲ ಹರಿತ ಉಳಿಸಿಕೊಳ್ಳುತ್ತದೆಯಾದರೂ ಬಡಿಯುವಾಗಲೂ ಹದ ಮಾಡುವಾಗಲೂ ಎಚ್ಚರ ಬೇಕು, ಹೊಸಬರಿಗೆ ಹೇಳಿಸಿದ್ದಲ್ಲ. ಹಳೆಯ ಅರಗಳು ಒಳ್ಳೆಯ ಸರಕೇ, ಆದರೆ ಅಗ್ಗದ ಕೆಲವು ಅರಗಳು ಮೆದು ಕಬ್ಬಿಣದ ಮೇಲೆ ಗಡಸು ಪದರ ಕೂಡಿಸಿದವಾಗಿರುತ್ತವೆ. ಯಂತ್ರಗರಗಸದ ಹೈಸ್ಪೀಡ್ ಉಕ್ಕಿನ ಬ್ಲೇಡನ್ನು ಹದ ಮಾಡಲು 1200 ಡಿಗ್ರಿಯ ಆಸುಪಾಸಿನ ಶಾಖ ಬೇಕಾಗುವುದರಿಂದ ಅದನ್ನು ಕುಲುಮೆಗೆ ಹಾಕದೆ, ನೀರು ಬಿಟ್ಟುಕೊಂಡು ಸಾಣೆಯಲ್ಲೇ ಆಕಾರಕ್ಕೆ ತರುವುದು ಲೇಸು.

ಬೆಂಕಿಗೆ ಹಾಕಲೇಬಾರದ ಗುಜರಿಯೂ ಇದೆ. ಸತುವಿನ ಲೇಪವಿರುವ ಪೈಪು ಮತ್ತು ತಗಡು ಕಾದಾಗ ಬರುವ ಬಿಳಿಯ ಹೊಗೆಯಿಂದ ಜ್ವರ ಬರುತ್ತದೆ. ಕ್ರೋಮಿಯಂ ಲೇಪದ ಭಾಗಗಳ ಹೊಗೆ ಇನ್ನೂ ಅಪಾಯಕರ. ವಾಹನದ ಷಾಕ್ ಅಬ್ಸಾರ್ಬರ್‌ನಂತಹ ಮುಚ್ಚಿದ ಕೊಳವೆಗಳು ಕಾದರೆ ಸಿಡಿಯುತ್ತವೆ. ಇವನ್ನು ರಾಶಿಯಲ್ಲಿಯೇ ಬಿಟ್ಟು ಬರತಕ್ಕದ್ದು.

ಒಂದು ಪಟ್ಟಿಗೆ ಒಂದು ಪರೀಕ್ಷೆ

ಬಿಡಿಬಿಡಿ ತುಂಡುಗಳನ್ನು ಆರಿಸಿ ತರುವ ಬದಲು, ಒಂದೇ ವಾಹನದಿಂದ ಬಿಚ್ಚಿದ ಪಟ್ಟಿಗಳ ಇಡೀ ಕಟ್ಟನ್ನು ಕೊಳ್ಳುವುದು ಜಾಣತನ. ಪ್ರತಿ ಪಟ್ಟಿಗೂ ಒಂದು ಸಂಖ್ಯೆ ಕೊಟ್ಟು ಬಣ್ಣದಲ್ಲಿ ಬರೆಯಬೇಕು. ಪಟ್ಟಿಯನ್ನು ತುಂಡರಿಸುವಾಗ ಪ್ರತಿ ತುಂಡಿಗೂ ಅದೇ ಸಂಖ್ಯೆ ದಾಟಿಸಬೇಕು. ಒಂದು ಪಟ್ಟಿಯಲ್ಲಿ ಹನ್ನೆರಡು ಚಾಕುಗಳಾಗುವುದಾದರೆ, ಒಂದು ಸಣ್ಣ ತುಂಡನ್ನು ಪರೀಕ್ಷೆಗೆ ಬಲಿಕೊಟ್ಟು ಹನ್ನೆರಡನ್ನೂ ಕಾಪಾಡಿಕೊಂಡಂತಾಗುತ್ತದೆ.

ಪರೀಕ್ಷೆಗೆ ಯಂತ್ರವೇನೂ ಬೇಕಿಲ್ಲ. ಕಿರುಬೆರಳಿನಷ್ಟು ಅಗಲದ ತುಂಡನ್ನು ತೆಳುವಾಗಿ ಬಡಿದು, ಅಯಸ್ಕಾಂತ ಹಿಡಿಯುವುದನ್ನು ಬಿಡುವವರೆಗೆ ಕಾಸಬೇಕು. ಉಕ್ಕು ಸುಮಾರು 770 ಡಿಗ್ರಿ ಸೆಲ್ಷಿಯಸ್‌ನಲ್ಲಿ ಅಯಸ್ಕಾಂತಕ್ಕೆ ಸ್ಪಂದಿಸುವುದನ್ನು ನಿಲ್ಲಿಸುತ್ತದೆ. ಅಲ್ಲಿಂದ ಇನ್ನೊಂದಿಷ್ಟು ಕೆಂಪೇರಿದ ಮೇಲೆ ಬೆಚ್ಚಗಿನ ಎಣ್ಣೆಗೆ ಇಳಿಸಬೇಕು. ತಣಿದ ಮೇಲೆ ಹೊಸ ಅರದಿಂದ ಉಜ್ಜಿದರೆ ಅರ ಕಚ್ಚದೆ ಜಾರಬೇಕು. ಕಚ್ಚಿದರೆ ಆ ಉಕ್ಕು ಎಣ್ಣೆಯಲ್ಲಿ ಗಡಸಾಗಿಲ್ಲವೆಂದು ತಿಳಿಯಬೇಕು. ಬಳಿಕ ತುಂಡನ್ನು ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಹಿಡಿಕೆಯಲ್ಲಿ ಸಿಕ್ಕಿಸಿ ಮುರಿಯಬೇಕು. ಮುರಿದ ಮುಖ ಬೂದು ಬಣ್ಣದ ನಯವಾದ ರೇಷ್ಮೆಯಂತೆ ಕಂಡರೆ ಶಾಖ ಸರಿಯಾಗಿದೆ ಎಂದರ್ಥ. ಸಕ್ಕರೆಯ ಹರಳಿನಂತೆ ಮಿನುಗಿದರೆ ಹೆಚ್ಚು ಕಾಸಲಾಗಿದೆ. ಮುರಿಯದೆ ಬಾಗಿದರೆ ಇಂಗಾಲ ಸಾಲದು, ಇಲ್ಲವೇ ಶಾಖ ಸಾಲದು. ಈ ಮೂರು ಮುಖಗಳನ್ನು ಒಂದು ಹಲಗೆಗೆ ಅಂಟಿಸಿ ಕುಲುಮೆಯ ಗೋಡೆಗೆ ತೂಗುಹಾಕಿಕೊಂಡರೆ ಹೊಸ ಕೆಲಸಗಾರನಿಗೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ಕಮಾನು ಪಟ್ಟಿಯ ನಿಜವಾದ ಶತ್ರು ಕಣ್ಣಿಗೆ ಕಾಣದ ಬಿರುಕು. ಲಕ್ಷಾಂತರ ಸಲ ಬಾಗಿ ನೆಟ್ಟಗಾದ ಪಟ್ಟಿಯಲ್ಲಿ ದಣಿವಿನಿಂದ ಕೂದಲೆಳೆಯಂತಹ ಸೀಳುಗಳು ಮೂಡಿರುತ್ತವೆ. ಇವು ಬೋಲ್ಟಿನ ತೂತಿನ ಸುತ್ತ, ಕ್ಲಾಂಪು ಕಚ್ಚಿದ ಜಾಗದಲ್ಲಿ, ತುಕ್ಕು ಗುಳಿ ಬಿದ್ದ ಮೈಯಲ್ಲಿ ಹೆಚ್ಚು. ಬಡಿಯುವುದರಿಂದ ಬಿರುಕು ಬೆಸೆದುಕೊಳ್ಳುತ್ತದೆ ಎಂಬ ನಂಬಿಕೆ ತಪ್ಪು. ಅದು ಇನ್ನಷ್ಟು ಒಳಗೆ ಅಡಗಿಕೊಂಡು, ಗಿರಾಕಿ ಮೂಳೆ ಕಡಿಯುವ ಹೊತ್ತಿಗೆ ತೆರೆದುಕೊಳ್ಳುತ್ತದೆ. ಪಟ್ಟಿಯನ್ನು ಉಜ್ಜಿ ಸ್ವಚ್ಛಗೊಳಿಸಿ, ಸೀಮೆಎಣ್ಣೆ ಬಳಿದು ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿದರೆ ಬಿರುಕಿನೊಳಗೆ ಉಳಿದ ಎಣ್ಣೆ ಪುಡಿಯ ಮೇಲೆ ಗೆರೆಯಾಗಿ ಒಸರುತ್ತದೆ. ಖರ್ಚಿಲ್ಲದ ಈ ಪರೀಕ್ಷೆಯನ್ನು ಹದ ಮಾಡಿದ ಅಲಗಿನ ಮೇಲೂ ಮತ್ತೊಮ್ಮೆ ಮಾಡುವುದು ಅವಶ್ಯ.

ಹದದ ವಿಚಾರ

ಕಮಾನು ಪಟ್ಟಿ ಅದಿರುವ ಸ್ಥಿತಿಯಲ್ಲೇ ಸಾಕಷ್ಟು ಗಟ್ಟಿ ಎಂದು ತೋರಿದರೂ, ಬಳುಕಲೆಂದು ಹದ ಮಾಡಿದ ಆ ಉಕ್ಕು ಅಲಗಿಗೆ ಮೆದುವೇ. ಕುಲುಮೆಗೆ ಹೋದಮೇಲಂತೂ ಹಳೆಯ ಹದ ಪೂರ್ತಿ ಅಳಿಸಿಹೋಗುತ್ತದೆ. ಆದುದರಿಂದ ಹೊಸ ಹದ ಅನಿವಾರ್ಯ.

ನಮ್ಮ ಕಮ್ಮಾರರ ಸಾಂಪ್ರದಾಯಿಕ ವಿಧಾನದಲ್ಲಿ ಕೆಂಪಗೆ ಕಾದ ಕತ್ತಿಯ ಬಾಯನ್ನು ಮಾತ್ರ ನೀರಿಗೆ ಇಳಿಸಿ ತೆಗೆದು, ಬೆನ್ನಿನಲ್ಲಿ ಉಳಿದ ಶಾಖ ಬಾಯಿಯ ಕಡೆಗೆ ಹರಿಯುವುದನ್ನು ನೋಡುತ್ತಾರೆ. ಉಜ್ಜಿದ ಮೈಯ ಮೇಲೆ ಮೊದಲು ಹುಲ್ಲಿನ ಹಳದಿ, ಅನಂತರ ಕಂದು, ನೇರಳೆ, ಕೊನೆಗೆ ನೀಲಿ ಬಣ್ಣ ಓಡುತ್ತವೆ. ಬೇಕಾದ ಬಣ್ಣ ಬಾಯಿಗೆ ತಲುಪಿದ ಕ್ಷಣ ಮತ್ತೆ ನೀರು. ಮೂವತ್ತು ವರ್ಷ ಈ ಕೆಲಸ ಮಾಡಿದ ಕಣ್ಣಿಗೆ ಇದು ತಪ್ಪುವುದಿಲ್ಲ, ಮಚ್ಚು ಕುಡುಗೋಲುಗಳಿಗೆ ಇಂದಿಗೂ ಇದು ಸಾಕು. ಆದರೆ ಮಿಶ್ರಲೋಹದ ಕಮಾನು ಪಟ್ಟಿ ತಣ್ಣೀರಿನಲ್ಲಿ ಸೀಳುವ ಸಂಭವ ಹೆಚ್ಚು. ಅಲ್ಲದೆ ಹೋಟೆಲೊಂದಕ್ಕೆ ಇಪ್ಪತ್ತು ಚಾಕು ಕೊಡಬೇಕಾದಾಗ ಇಪ್ಪತ್ತೂ ಒಂದೇ ಗುಣದವಾಗಿರಬೇಕು. ಮೋಡ ಕವಿದ ದಿನ ಒಂದು ಬಣ್ಣ, ಬಿಸಿಲಿನ ದಿನ ಇನ್ನೊಂದು ಬಣ್ಣ ಕಂಡರೆ ಆಗದು.

ಇದಕ್ಕೆ ಸುಲಭ ಪರಿಹಾರವಿದೆ. ಅಲಗನ್ನು 830ರಿಂದ 850 ಡಿಗ್ರಿಗೆ ಕಾಸಿ, 50-60 ಡಿಗ್ರಿಗೆ ಬೆಚ್ಚಗಾದ ಎಣ್ಣೆಯಲ್ಲಿ ಬಾಯಿ ಕೆಳಗಾಗಿ ಇಳಿಸಬೇಕು. ತಣಿದ ಕೂಡಲೇ, ಮರುದಿನಕ್ಕೆ ಬಿಡದೆ, ಬೇಕರಿಯ ಅಥವಾ ಮನೆಯ ವಿದ್ಯುತ್ ಓವನ್‌ನಲ್ಲಿ 200 ಡಿಗ್ರಿಯ ಆಸುಪಾಸು ಎರಡು ಗಂಟೆ ಇಟ್ಟು, ತಣಿಸಿ, ಮತ್ತೆ ಎರಡು ಗಂಟೆ ಇಡಬೇಕು. ಹೀಗೆ ಮಾಡಿದ ಕಮಾನು ಪಟ್ಟಿಯ ಅಲಗು ರಾಕ್‌ವೆಲ್ ಸಿ ಮಾಪನದಲ್ಲಿ 56-58ರ ಆಸುಪಾಸು ನಿಲ್ಲುತ್ತದೆ. ಅಡುಗೆಮನೆಯ ಚಾಕುವಿಗೆ ಅದು ಒಪ್ಪುವ ಗಡಸುತನ. ಓವನ್ನಿನ ಗುಂಡಿ ತೋರಿಸುವ ಶಾಖವನ್ನು ನಂಬದೆ ಒಳಗೆ ಬೇರೆ ಉಷ್ಣಮಾಪಕವೊಂದನ್ನು ಇಡುವುದು ಕ್ಷೇಮ. ತಿಂಗಳಿಗೊಮ್ಮೆ ಪ್ರತಿ ಕಟ್ಟಿನ ಒಂದೊಂದು ಮಾದರಿಯನ್ನು ರಾಕ್‌ವೆಲ್ ಯಂತ್ರವಿರುವ ಪಾಲಿಟೆಕ್ನಿಕ್ ಅಥವಾ ಖಾಸಗಿ ಪ್ರಯೋಗಾಲಯದಲ್ಲಿ ಅಳೆಸಿ ಬರೆದಿಟ್ಟುಕೊಂಡರೆ, ಗಿರಾಕಿಯ ಪ್ರಶ್ನೆಗೆ ಬಾಯಿಮಾತಿನ ಬದಲು ಕಾಗದ ತೋರಿಸಬಹುದು. ಉಷ್ಣಮಾಪಕ ಮತ್ತು ಓವನ್ ಎರಡೂ ಸೇರಿ ಒಂದು ವಿದ್ಯುತ್ ಸುತ್ತಿಗೆಯ ಬೆಲೆಗಿಂತ ಎಷ್ಟೋ ಕಡಿಮೆ. ಬಂಡವಾಳ ಹಾಕುವವರು ಮೊದಲು ಪವರ್ ಹ್ಯಾಮರ್ ಕೊಳ್ಳುವುದನ್ನೇ ಯೋಚಿಸುತ್ತಾರೆ. ಈ ಲೇಖಕರ ಅಭಿಪ್ರಾಯದಲ್ಲಿ ಅದು ಎರಡನೆಯ ವರ್ಷದ ಖರ್ಚು.

ಕಾನೂನಿನ ಗೆರೆ ಎಲ್ಲಿದೆ?

ರೈಲು ಹಳಿಯ ತುಂಡು, ಹಳಿಯ ಕ್ಲಿಪ್ಪು, ಮೊಳೆಗಳಿಂದ ಒಳ್ಳೆಯ ಅಡಿಗಲ್ಲೂ ಉಪಕರಣಗಳೂ ಆಗುತ್ತವೆಂದು ಗುಜರಿ ಅಂಗಡಿಯವರೇ ಅವುಗಳನ್ನು ತೋರಿಸುವುದುಂಟು. 1966ರ ರೈಲ್ವೆ ಆಸ್ತಿ (ಅಕ್ರಮ ಸ್ವಾಧೀನ) ಕಾಯ್ದೆಯ ಪ್ರಕಾರ, ಕಳವಿನದೆಂದು ಶಂಕಿಸಲು ಕಾರಣವಿರುವ ರೈಲ್ವೆ ವಸ್ತು ಯಾರ ವಶದಲ್ಲಿ ಸಿಕ್ಕಿದರೂ, ಅದು ನ್ಯಾಯವಾಗಿ ಬಂದದ್ದೆಂದು ಅವರೇ ರುಜುವಾತು ಮಾಡಬೇಕು. ಮೊದಲ ಅಪರಾಧಕ್ಕೇ ಐದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಹರಾಜಿನ ದಾಖಲೆ ಇಲ್ಲದ ರೈಲ್ವೆ ಲೋಹವನ್ನು ಎಷ್ಟೇ ಅಗ್ಗಕ್ಕೆ ಬಂದರೂ ಮುಟ್ಟಬಾರದು. ವಾಹನದ ಭಾಗಗಳಿಗೂ ಬಿಲ್ಲು ಕೇಳಿ ಪಡೆಯುವುದು ಒಳಿತು. 2021ರ ನಿಯಮಗಳಂತೆ ನೋಂದಾಯಿತ ವಾಹನ ಗುಜರಿ ಕೇಂದ್ರಗಳು ಸ್ಥಾಪನೆಯಾಗಿರುವುದರಿಂದ, ದಾಖಲೆಸಹಿತವಾದ ಕಮಾನು ಪಟ್ಟಿಗಳನ್ನು ಪಡೆಯುವ ದಾರಿ ತೆರೆದಿದೆ.

ಎರಡನೆಯದು ಶಸ್ತ್ರಗಳ ವಿಷಯ. 1959ರ ಶಸ್ತ್ರ ಕಾಯ್ದೆ ಮನೆಬಳಕೆ ಅಥವಾ ಕೃಷಿಗಾಗಿಯೇ ರೂಪಿಸಿದ ವಸ್ತುಗಳನ್ನು ಶಸ್ತ್ರವೆಂದು ಎಣಿಸುವುದಿಲ್ಲ. ಆದರೆ ಅಂತಹ ಬಳಕೆಗಲ್ಲದ, 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಗಳು, ಖಡ್ಗ ಮತ್ತು ಬಾಕುಗಳು ನಿಯಮಗಳ ವ್ಯಾಪ್ತಿಗೆ ಬರುತ್ತವೆ. ತೋಟದ ಮಚ್ಚು ಮಾಡುವವನಿಗೆ ತೊಂದರೆಯಿಲ್ಲ. ಎರಡು ಬಾಯಿಯ ಬಾಕು, "ಅಲಂಕಾರಕ್ಕೆ" ಖಡ್ಗ ಬೇಕೆಂದು ದೂರದಿಂದ ಬರುವ ಬೇಡಿಕೆಗಳನ್ನು ಮಾತ್ರ, ಮುಂಗಡ ಎಷ್ಟೇ ಬಂದರೂ, ತಿರಸ್ಕರಿಸುವುದೇ ಸರಿ. ಬಿಲ್ಲಿನಲ್ಲಿ ವಸ್ತುವಿನ ಬಳಕೆಯನ್ನು "ತರಕಾರಿ ಚಾಕು", "ಅಡಕೆ ಕತ್ತಿ" ಎಂದು ಸ್ಪಷ್ಟವಾಗಿ ಬರೆಯುವ ಅಭ್ಯಾಸ ಇಟ್ಟುಕೊಳ್ಳಬೇಕು.

ಹಿಡಿಯ ವಿಷಯದಲ್ಲೂ ಕಾನೂನು ಇದೆ. ಜಿಂಕೆ, ಕಡವೆಯ ಕೊಂಬಿನ ಹಿಡಿ ಚೆಂದವೆಂದು ಕೇಳುವವರುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ವ್ಯಾಪಾರ ಅಪರಾಧ. ಬೀಟೆ ಮರಕ್ಕೂ ನಿರ್ಬಂಧಗಳಿವೆ. ಹುಣಸೆ, ಜಾಲಿ, ಕಾಫಿ ಗಿಡದ ಕಾಂಡ ಇವು ಗಟ್ಟಿಯೂ ಹೌದು, ತಂಟೆಯೂ ಇಲ್ಲ.

ತೆರಿಗೆ ಮತ್ತು ಹಣಕಾಸು

ಒಂದೇ ಕುಲುಮೆಯಿಂದ ಬಂದ ಎರಡು ವಸ್ತುಗಳಿಗೆ ಸರಕು ಮತ್ತು ಸೇವಾ ತೆರಿಗೆ ಬೇರೆಬೇರೆ ಎಂಬುದು ಅನೇಕ ವರ್ತಕರ ಗಮನಕ್ಕೆ ಬಂದಿಲ್ಲ. ಕುಡುಗೋಲು, ಮಚ್ಚು, ಗುದ್ದಲಿ ಮುಂತಾದ ಕೈಯಿಂದ ಬಳಸುವ ಕೃಷಿ ಉಪಕರಣಗಳು 8201ರ ಶೀರ್ಷಿಕೆಯಡಿ ಬಂದು ತೆರಿಗೆಯಿಂದ ವಿನಾಯಿತಿ ಪಡೆದಿವೆ. ಅಡುಗೆಮನೆಯ ಚಾಕು 8211ರ ಶೀರ್ಷಿಕೆಗೆ ಸೇರುತ್ತದೆ. ಅದರ ತೆರಿಗೆಯನ್ನು 2022ರ ಜುಲೈ 18ರಿಂದ ಶೇ. 12ರಿಂದ ಶೇ. 18ಕ್ಕೆ ಏರಿಸಲಾಯಿತು. ಎರಡನ್ನೂ ಒಂದೇ ಸಾಲಿನಲ್ಲಿ "ಕತ್ತಿ" ಎಂದು ಬರೆದರೆ ಮುಂದೆ ತಕರಾರು ಖಂಡಿತ. ದರವನ್ನು ತೆರಿಗೆ ಸಲಹೆಗಾರರೊಡನೆ ಖಚಿತಪಡಿಸಿಕೊಂಡು ಬಿಲ್ಲು ಬರೆಯತಕ್ಕದ್ದು.

ಸರಕು ಮಾರುವವರಿಗೆ ನೋಂದಣಿಯ ಮಿತಿಯನ್ನು 2019ರ ಏಪ್ರಿಲ್‌ನಿಂದ ವಾರ್ಷಿಕ ರೂ. 40 ಲಕ್ಷಕ್ಕೆ ಏರಿಸಿದ್ದರಿಂದ, ರಾಜ್ಯದೊಳಗೇ ಮಾರುವ ಸಣ್ಣ ಕುಲುಮೆಗೆ ನೋಂದಣಿಯ ಅಗತ್ಯ ಬೀಳದು. 2023ರ ಅಕ್ಟೋಬರ್‌ನಿಂದ ಇಂಥವರು ಅಂತರ್ಜಾಲ ಮಾರಾಟ ಸಂಸ್ಥೆಗಳ ಮೂಲಕವೂ ರಾಜ್ಯದೊಳಗೆ ಮಾರಬಹುದೆಂದು ಅವಕಾಶ ಕೊಡಲಾಯಿತು. ಹೊರರಾಜ್ಯಕ್ಕೆ ಕಳಿಸುವಾಗ ಮಾತ್ರ ನೋಂದಣಿಯ ನಿಯಮ ಬೇರೆ. ನೋಂದಾಯಿತ ಘಟಕಗಳು ಇನ್ನೊಂದನ್ನು ಗಮನಿಸಬೇಕು: 2024ರ ಅಕ್ಟೋಬರ್ 10ರಿಂದ, ನೋಂದಣಿಯಿಲ್ಲದ ಗುಜರಿಯವನಿಂದ ಲೋಹದ ಗುಜರಿ ಕೊಂಡಾಗ ತೆರಿಗೆ ಕಟ್ಟುವ ಹೊಣೆ ಕೊಂಡವರ ಮೇಲೆಯೇ ಬರುವಂತಾಯಿತು.

ಕಮ್ಮಾರರಿಗೆ ಬಂಡವಾಳದ ಒಂದು ದಾರಿ 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆ. ಅದರ 18 ಕಸುಬುಗಳಲ್ಲಿ ಕಮ್ಮಾರಿಕೆ ಮತ್ತು ಸುತ್ತಿಗೆ-ಸಲಕರಣೆ ತಯಾರಿಕೆ ಎರಡೂ ಇವೆ. ತರಬೇತಿಯ ಅವಧಿಯಲ್ಲಿ ದಿನಕ್ಕೆ ರೂ. 500 ಭತ್ಯೆ, ಸಲಕರಣೆಗೆ ರೂ. 15,000, ಶೇ. 5ರ ಬಡ್ಡಿಯಲ್ಲಿ ಅಡಮಾನವಿಲ್ಲದೆ ಮೊದಲು ರೂ. 1 ಲಕ್ಷ, ಅದನ್ನು ತೀರಿಸಿದ ಮೇಲೆ ರೂ. 2 ಲಕ್ಷ ಸಾಲ ಎಂದು ಯೋಜನೆಯಲ್ಲಿ ಗೊತ್ತುಪಡಿಸಲಾಗಿದೆ. ಮೇಲೆ ಹೇಳಿದ ಓವನ್, ಉಷ್ಣಮಾಪಕ, ಸಾಣೆ ಯಂತ್ರಗಳಿಗೆ ಈ ಮೊತ್ತ ಸಾಕಾಗುವಂಥದು.

ಕಮ್ಮಾರರಿಂದ ಸರಕು ಕೊಳ್ಳುವ ವರ್ತಕರಿಗೂ ಒಂದು ಮಾತು. ಉದ್ಯಮ ನೋಂದಣಿ ಪಡೆದ ಸೂಕ್ಷ್ಮ ತಯಾರಕನಿಗೆ 2006ರ ಕಾಯ್ದೆಯ ಪ್ರಕಾರ ಒಪ್ಪಂದವಿದ್ದರೂ 45 ದಿನಗಳನ್ನು ಮೀರದಂತೆ ಹಣ ಸಲ್ಲಿಸಬೇಕು. ತಡವಾದರೆ ಚಕ್ರಬಡ್ಡಿ ತೆರಬೇಕಾಗುತ್ತದೆ. ದೀಪಾವಳಿಗೆ ಒಯ್ದ ಸರಕಿಗೆ ಯುಗಾದಿಗೆ ಹಣ ಕೊಡುವ ಹಳೆಯ ಪದ್ಧತಿಯಿಂದಲೇ ಎಷ್ಟೋ ಕುಲುಮೆಗಳು ತಣ್ಣಗಾದವು.

ಮಾರಾಟ

ಹಿಂದಿನ ಉದಾಹರಣೆಯನ್ನೇ ಮುಂದುವರಿಸುವುದಾದರೆ, ರೂ. 542 ಅಸಲಿನ ಚಾಕುವನ್ನು ರೂ. 800ಕ್ಕೆ ಕೊಟ್ಟರೆ ಉಳಿಯುವುದು ರೂ. 258. ಕಮ್ಮಾರ ತಾನೇ ಯಜಮಾನನಾಗಿದ್ದರೆ ಅವನ ಕೂಲಿ ರೂ. 240 ಕೂಡ ಮನೆಗೇ ಬರುತ್ತದೆ. ದಿನಕ್ಕೆ ನಾಲ್ಕರಂತೆ ಇಪ್ಪತ್ತು ದಿನ ದುಡಿದರೆ ತಿಂಗಳಿಗೆ ಎಂಬತ್ತು ಚಾಕು, ಸುಮಾರು ರೂ. 40,000 ಆದಾಯ. ಬಾಡಿಗೆ, ಸಾಗಾಣಿಕೆ ಇದರಲ್ಲಿ ಸೇರಿಲ್ಲ. ಕಾಗದದ ಮೇಲೆ ಈ ಲೆಕ್ಕ ಹಿತವಾಗಿದೆ. ಎಂಬತ್ತು ಚಾಕು ಬಡಿಯುವುದು ಸಾಧ್ಯ. ತಿಂಗಳು ತಿಂಗಳೂ ಎಂಬತ್ತು ಮಂದಿಯನ್ನು ಹುಡುಕುವುದೇ ಕಷ್ಟ. ಕುಲುಮೆಯ ಮುಂದೆ ನಿಂತವನಿಂದ ಅದಾಗದು. ವರ್ತಕನ ಅಗತ್ಯ ಬರುವುದು ಇಲ್ಲಿಯೇ.

ವರ್ತಕರು ಎರಡು ವಿಧದಲ್ಲಿ ಈ ಕಸುಬಿಗೆ ನೆರವಾಗಬಹುದು. ಐದಾರು ಕಮ್ಮಾರರಿಗೆ ಒಟ್ಟಾಗಿ ಒಂದೇ ದರ್ಜೆಯ ಉಕ್ಕನ್ನು, ಹೊಸದಾಗಲಿ ದಾಖಲೆಯುಳ್ಳ ಗುಜರಿಯಾಗಲಿ, ಕೊಂಡು ಹಂಚುವುದು ಒಂದು. ಅಡಕೆ, ಭತ್ತ, ಕಬ್ಬಿನ ಸುಗ್ಗಿಗಳಲ್ಲಿ ತೆರಿಗೆಯಿಲ್ಲದ ಕೃಷಿ ಕತ್ತಿಗಳಿಗೂ ಉಳಿದ ತಿಂಗಳುಗಳಲ್ಲಿ ಅಡುಗೆಮನೆಯ ಚಾಕುಗಳಿಗೂ ಬೇಡಿಕೆ ಕೊಟ್ಟು ಕುಲುಮೆಯನ್ನು ವರ್ಷವಿಡೀ ಉರಿಸುವುದು ಇನ್ನೊಂದು.

ಗಿರಾಕಿಗೆ ಚಾಕುವಿನ ಜೊತೆ ಒಂದು ಚೀಟಿ ಇರಲೇಬೇಕು. ಇದು ಸ್ಟೇನ್‌ಲೆಸ್ ಅಲ್ಲ; ನಿಂಬೆ, ಹುಣಸೆ ತಾಗಿದರೆ ಕಪ್ಪಾಗುತ್ತದೆ; ಬಳಸಿದ ಕೂಡಲೇ ತೊಳೆದು ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಬೇಕು; ಇದರಿಂದ ತೆಂಗಿನಕಾಯಿ ಒಡೆಯಬಾರದು ಎಂದು ಕನ್ನಡದಲ್ಲಿ ಅಚ್ಚು ಹಾಕಿಸಿದ ನಾಲ್ಕು ಸಾಲು ಸಾಕು. ತುಕ್ಕು ಬಂತೆಂದು ಹಿಂದಿರುಗುವ ಸರಕಿನ ಬಹುಭಾಗವನ್ನು ಈ ಚೀಟಿಯೇ ತಡೆಯುತ್ತದೆ. ಆರು ತಿಂಗಳಿಗೊಮ್ಮೆ ಸಾಣೆ ಹಿಡಿದುಕೊಡುವ ವ್ಯವಸ್ಥೆ ಇದ್ದರೆ ಅದರಿಂದಲೂ ಆದಾಯವಿದೆ, ಅಚ್ಚೊತ್ತಿದ ಚಾಕುವಿನ ಅಂಗಡಿಯವನು ಅದನ್ನು ಕೊಡಲಾರ.

ಹಿಡಿ ಕೂಡಿಸುವ ಮೊದಲು ಅಲಗಿನ ಬುಡದಲ್ಲಿ ಪಟ್ಟಿಯ ಸಂಖ್ಯೆಯನ್ನು ಉಳಿಯಿಂದ ಕೆತ್ತಬೇಕು. ಹಿಡಿಯ ಹೊರಗೆ ಕಾಣುವಂತಿರಲಿ. ಒಂದು ಅಲಗು ಸೀಳಿ ಹಿಂದಿರುಗಿದ ದಿನ, ಅದೇ ಪಟ್ಟಿಯಿಂದ ಆದ ಉಳಿದ ಹನ್ನೊಂದು ಯಾರ ಮನೆಯಲ್ಲಿವೆ ಎಂಬುದನ್ನು ಪುಸ್ತಕ ನೋಡಿ ಹೇಳಿ, ಅವನ್ನು ತರಿಸಿಕೊಂಡು ಸೀಮೆಎಣ್ಣೆಯ ಪರೀಕ್ಷೆಗೆ ಒಡ್ಡಲು ಅದೊಂದೇ ದಾರಿ.